ಉಸಿರೆಳೆದ ಮೇಲಿನ ಮಾತು

"ಇನ್ನೊಂದು ಸಲ ಹಾಕಿ ಪಾಕ್," ಎಂದೆ.

ಹವಾಲ್ದಾರ್ ತುಕಿರನ್ ನನ್ನ ಮುಖ ನೋಡಿದರು. ಬೆಳಗಿನಿಂದ ಇದು ಹತ್ತೊಂಬತ್ತನೆಯ ಸಲ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು, ಹಾಗಾಗಿ ನನಗೆ ಅವರು ಪಾಕ್, ಅಂದರೆ ಯಜಮಾನರು; ಕೆಲಸದಲ್ಲಿ ಮೂರು ಮೆಟ್ಟಿಲು ಕೆಳಗಿನವರು, ಹಾಗಾಗಿ ಅವರಿಗೆ ನಾನು ಬು, ಅಂದರೆ ಅಮ್ಮಾವ್ರು. ಫೋನಿನ ಮೇಲೆ ಬೆರಳೊತ್ತಿದರು.

ಮದರಸದ ಅತಿಥಿ ಜಗಲಿಯಲ್ಲಿ ಕಿಯಾಯಿ ಮಸ್‌ಹೂದಿಯವರ ಧ್ವನಿ ಎದ್ದಿತು. ಮೂವತ್ತೆಂಟು ವರ್ಷ ಇದೇ ಅಂಗಳದಲ್ಲಿ ಪಾಠ ಹೇಳಿದ ಗುರುಗಳ ಧ್ವನಿ.

"…ಈ ಸೂಜಿಮದ್ದಿನಲ್ಲಿ ಅಶುದ್ಧ ಬೆರೆತಿದೆ. ಅಶುದ್ಧವನ್ನು ಮೈಗೆ ಸೇರಿಸೋದು ಹರಾಮ್. ಮಕ್ಕಳಿಗೆ ಇದನ್ನ ಚುಚ್ಚಿಸಿದ ತಾಯ್ತಂದೆ ನಾಳೆ ಅಲ್ಲಾಹನ ಮುಂದೆ ನಿಂತು ಏನು ಹೇಳ್ತಾರೆ? ಯಾವ ಮುಖ ಇಟ್ಕೊಂಡು ಹೇಳ್ತಾರೆ?"

ಆಮೇಲೆ ಉಸಿರು ಎಳೆದುಕೊಂಡ ಸದ್ದು. ಅಲ್ಲಿಗೆ ಮುಗಿಯಿತು.

ಮೂರು ವಾರದಿಂದ ಈ ತುಂಡು ಜಾವಾದ ಈ ಉತ್ತರ ತೀರದ ಮನೆಮನೆಯ ಫೋನಿನಲ್ಲೂ ಸುತ್ತುತ್ತಿತ್ತು. ಇಲ್ಲಿನ ಇನ್ನೂರ ಹನ್ನೆರಡು ಹುಡುಗಿಯರ ಮನೆಯವರಲ್ಲಿ ಗಂಟಲುಮಾರಿಯ ಸೂಜಿಗೆ ಒಪ್ಪಿ ಸಹಿ ಹಾಕಿದವರು ಇಪ್ಪತ್ತಾರು ಜನ. ಇಬ್ಬರು ಹುಡುಗಿಯರು ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿದ್ದರು. ಹನ್ನೊಂದು ವರ್ಷದ ಉಮ್ನಿಯಾ ಮಣ್ಣಿನಲ್ಲಿದ್ದಳು.

ಉಮ್ನಿಯಾ ಮೊದಲ ದಿನ ಗಂಟಲು ನೋವು ಅಂದಿದ್ದಳಂತೆ. ಮೂರನೆಯ ದಿನ ಅವಳ ಕತ್ತು ದವಡೆಯ ಸಮಕ್ಕೆ ಊದಿಕೊಂಡಿತು. ಐದನೆಯ ದಿನ ಹೋದಳು. ಕತ್ತು ಊದಿದ ಮೇಲೆ ಒಂದೊಂದು ಗಂಟೆಯೂ ಮುಖ್ಯ, ನೀವು ಒಂದೂವರೆ ದಿನ ತಡ ಮಾಡಿದಿರಿ ಎಂದು ಡಾಕ್ಟರು ಅವಳ ಚಿಕ್ಕಪ್ಪನಿಗೆ ಹೇಳುವಾಗ ನಾನು ಅಲ್ಲೇ ನಿಂತಿದ್ದೆ.

ನಾಳೆ ಬೆಳಗ್ಗೆ ಹತ್ತಕ್ಕೆ ಸೂಜಿ ಹಾಕುವವರು ಬರುತ್ತಾರೆ. ಅಷ್ಟರೊಳಗೆ ಈ ತುಂಡಿನ ಹುಳುಕು ಎಲ್ಲಿದೆ ಎಂದು ಊರಿಗೆಲ್ಲ ತೋರಿಸದಿದ್ದರೆ ಅವರು ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗುತ್ತಾರೆ.

ಕಿಯಾಯಿಯವರನ್ನೇ ಕೇಳೋಣ ಎಂದರೆ ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಅವರ ಬಲಮೈಯೂ ಮಾತೂ ಬಿದ್ದುಹೋಗಿತ್ತು. ಈ ತುಂಡಿನ ಸುದ್ದಿ ಅವರ ಕಿವಿಗೆ ಬೀಳದ ಹಾಗೆ ಮನೆಯವರು ಕಾಯುತ್ತಿದ್ದರು.

"ಸಾಹೇಬ್ರು ಮತ್ತೆ ಫೋನ್ ಮಾಡಿದ್ರು ಬು," ಎಂದರು ತುಕಿರನ್. "ಇದು ಯಂತ್ರದಲ್ಲಿ ಮಾಡಿದ ನಕಲಿ ಧ್ವನಿ ಅಂತ ಬರ್ದು, ಆ ಷಮ್ಲನ್‌ನ ಒಳಗೆ ಹಾಕಿ, ಕೈ ತೊಳ್ಕೊಂಡ್ ಬನ್ನಿ ಅಂದ್ರು."

"ನಕಲಿ ಅಲ್ಲ ಪಾಕ್."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಸಾಹೇಬ್ರಿಗೆ ಬೇಕಾಗಿರೋದು ಫೈಲು."

ಷಮ್ಲನ್ ಇದೇ ಮದರಸದಲ್ಲಿ ಅರ್ಧ ಓದಿ ಓಡಿಹೋದವನು. ಈಗ ಫೋನಿನಲ್ಲಿ ಮೂರು ಲಕ್ಷ ಜನಕ್ಕೆ ಉಪದೇಶ ಮಾಡುತ್ತಾನೆ. ಅರ್ಧ ಓದಿದವರ ಧೈರ್ಯವೇ ಬೇರೆ. ಈ ತುಂಡಿಗೆ ತನ್ನ ಹೆಸರು ಅಂಟಿಸಿ ಊರಿಗೆಲ್ಲ ಹಂಚಿದವನು ಅವನೇ. ಆದರೆ ಅವನ ಫೋನನ್ನು ಮೂರು ದಿನ ಜಾಲಾಡಿದ್ದೆ. ಅವನಿಗೂ ಅದು ಇನ್ಯಾರದೋ ಗುಂಪಿನಿಂದ, ಹತ್ತು ಕೈ ದಾಟಿ ಬಂದದ್ದು. ಅವನನ್ನು ಒಳಗೆ ಹಾಕಿದರೆ ಅವನ ಮೂರು ಲಕ್ಷ ಐದು ಲಕ್ಷವಾಗುತ್ತದೆ, ಅಷ್ಟೆ.

ಅರ್ಧ ಓದಿದ್ದರ ಮಾತು ಬಂದರೆ ನಾನೂ ಹಾಗೇ. ಇನ್‌ಸ್ಪೆಕ್ಟರ್ ವಿಂದರ್ತಿ ಎಂದು ಕರೆಸಿಕೊಳ್ಳುವ ಮೊದಲು ಐದು ವರ್ಷ ಇದೇ ಮದರಸದಲ್ಲಿದ್ದೆ. ಕೊನೆಯ ಕಿತಾಬಿನ ನಡುವೆಯೇ ಮದುವೆಯಾಗಿ ಹೋದೆ. ಅದರ ಕೊನೆಯ ನೂರು ಪುಟದಲ್ಲಿ ನಾನು ಅರ್ಥ ಬರೆದುಕೊಳ್ಳಬೇಕಾದ ಜಾಗ ಇವತ್ತಿಗೂ ಖಾಲಿ. ಹೋದ ವರ್ಷ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಅದನ್ನು ಹೇಳಿಕೊಂಡು ಅತ್ತೂ ಬಿಟ್ಟಿದ್ದೆ.

ಫೋನಿನಲ್ಲಿ ಗಂಟೆ ನೋಡಿದೆ. ಹತ್ತೂವರೆ. ಮೇಲ್ತುದಿಯಲ್ಲಿ ಅತ್ತೆಯ ಹೆಸರು, ಪಕ್ಕದಲ್ಲಿ ಓದದ ಸಂದೇಶ ನೂರ ಎಪ್ಪತ್ತೆಂಟು. ಗುಲಾಬಿ ಹೂವಿನ ಶುಭೋದಯ, ನಿಂಬೆಹಣ್ಣಿನಿಂದ ಕ್ಯಾನ್ಸರ್ ಮಾಯ, ಇದನ್ನು ಹನ್ನೊಂದು ಜನಕ್ಕೆ ಕಳಿಸದಿದ್ದರೆ ಮನೆಗೆ ಕೆಡುಕು. ತಲೆ ಚಿಟ್ಟುಹಿಡಿದು ಹದಿನೈದು ದಿನದ ಹಿಂದೆ ಅವರ ಸಂದೇಶಗಳ ಸದ್ದು ಅಡಗಿಸಿಟ್ಟಿದ್ದೆ. ಗಂಡ ಹಡಗಿನಲ್ಲಿ, ಕೇಸು ಶುರುವಾದಾಗಿನಿಂದ ಬಂದುಹೋಗಿ ಮಾಡುತ್ತಿದ್ದ ನಾನು ಶುಕ್ರವಾರದಿಂದ ಇಲ್ಲೇ. ಎಂಟು ವರ್ಷದ ಮಗಳು ಕಿನಾಂತಿ, ನಮ್ಮೆಲ್ಲರ ನಾಂತಿ, ಪಟ್ಟಣದಲ್ಲಿ ಅತ್ತೆಯ ಜೊತೆ. ಏನಾದರೂ ಇದ್ದರೆ ಫೋನೇ ಮಾಡುತ್ತಾರೆ ಎಂದುಕೊಂಡು ಅದನ್ನು ಜೇಬಿಗೆ ಹಾಕಿದೆ.

"ಪಾಕ್, ಇದು ಎಷ್ಟು ಸೆಕೆಂಡ್ ಇದೆ?"

"ಸರಿಯಾಗಿ ಮೂವತ್ತು."

"ಶುರುವಿನಲ್ಲಿ ಅರ್ಧ ಪದ ಇದೆ, ಕೇಳಿದ್ರಾ? ಬಾಗಿಲಿಗೆ ಸಿಕ್ಕಿದ ಹಲ್ಲಿ ಬಾಲದ ಹಾಗೆ. ಕೊನೇಲಿ ಉಸಿರು. ಬೇಕೂಂತ ಕತ್ತರಿಸಿದವನು ಇಷ್ಟು ಒಡ್ಡೊಡ್ಡಾಗಿ ಕತ್ತರಿಸ್ತಾನಾ? ಬಾಲ ಚಿವುಟಿ, ಉಸಿರು ತೆಗ್ದು, ಚೊಕ್ಕ ಮಾಡ್ತಿದ್ದ."

ತುಕಿರನ್ ಗಲ್ಲ ಕೆರೆದುಕೊಂಡರು. "ನನ್ ಹೆಂಡ್ತಿ ಸ್ಟೇಟಸ್ ಇದ್ದಂಗಿದೆ."

"ಅಂದ್ರೆ?"

"ಮಗಳ ಮದುವೇಲಿ ನಮ್ ಭಾವಮೈದ ಕುಣಿದ್ನಲ್ಲ, ಅದನ್ನ ಸ್ಟೇಟಸ್‌ಗೆ ಹಾಕಿದ್ಲು. ಉದ್ದ ಇದ್ರೆ ಫೋನೇ ಅದನ್ನ ಮೂವತ್ತು ಮೂವತ್ತು ಸೆಕೆಂಡಿಗೆ ತುಂಡು ಮಾಡುತ್ತೆ. ಮೊದಲ್ನೇ ತುಂಡಲ್ಲಿ ಅವನು ಕಾಲೆತ್ತುತಾನೆ. ಇಳಿಸೋದು ಮುಂದಿನ ತುಂಡಲ್ಲಿ." ನನ್ನ ಮುಖ ನೋಡಿ ನಕ್ಕರು. "ನೀವು ಸ್ಟೇಟಸ್ ನೋಡಲ್ವಾ ಬು?"

"ಇಲ್ಲ."

"ಅದಕ್ಕೇ ಕೇಸು ಹನ್ನೆರಡು ದಿನ ಎಳೀತಾ ಇದೆ."

ನನಗೆ ನಗು ಬರಲಿಲ್ಲ. ಹನ್ನೆರಡು ದಿನ ಒಬ್ಬ ಖದೀಮನನ್ನು ಹುಡುಕುತ್ತಿದ್ದೆ. ಕತ್ತರಿ ಹಿಡಿದ ಕೈಯೇ ಇರಲಿಲ್ಲ. ಯಾರೋ ಪೂರ್ತಿ ಪಾಠವನ್ನು ಸ್ಟೇಟಸ್‌ಗೆ ಹಾಕಿದ್ದಾರೆ, ಫೋನು ಅದನ್ನು ಬಾಳೆದಿಂಡಿನ ಹಾಗೆ ಕೊಚ್ಚಿದೆ, ಮತ್ಯಾರೋ ನಡುವಿನ ಒಂದು ತುಂಡನ್ನು ಎತ್ತಿಕೊಂಡು ಹೋಗಿದ್ದಾರೆ. ಹಾಗಾದರೆ ಹಿಂದಿನ ತುಂಡೂ ಮುಂದಿನ ತುಂಡೂ ಯಾರದೋ ಫೋನಿನಲ್ಲಿ ಇರಲೇಬೇಕು.

ಗೇಟು ಕಿರುಗುಟ್ಟಿತು. ಕಿಯಾಯಿಯವರ ಮಗಳು ನಿಂಗ್ ಇಸ್ತಿಯಾನಾ ಎದೆಗೆ ಕಿತಾಬುಗಳನ್ನು ಅವುಚಿಕೊಂಡು ಬಂದಳು. ಅವಳ ಹಿಂದೆ ನಾಲ್ವರು ಹುಡುಗಿಯರು, ಅವರ ಎದೆಗೂ ಕಿತಾಬು. ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದರು. ಹೆಣ್ಣುಮಕ್ಕಳ ಪಾಠದ ಕಿತಾಬುಗಳನ್ನು ತರಿಸಿ ಎಂದು ನಾನೇ ನಿನ್ನೆ ಕಿಯಾಯಿಯವರ ಹೆಂಡತಿ ಬು ನ್ಯಾಯಿಯವರನ್ನು ಕೇಳಿಕೊಂಡಿದ್ದೆ. ನನ್ನನ್ನು ಈ ಕೇಸಿಗೆ ಹಟ ಹಿಡಿದು ಕರೆಸಿದವರೂ ಅವರೇ.

ತುಕಿರನ್ ಒಂದು ಕಿತಾಬು ತಿರುವಿ ನೋಡಿ ಕೂರುವ ಬೆಂಚಿನ ಮೇಲಿಟ್ಟರು.

"ಪಾಕ್," ಎಂದಳು ನಿಂಗ್ ಮೆಲ್ಲಗೆ, "ಕೂರೋ ಜಾಗದಲ್ಲಿ ಕಿತಾಬು ಇಡ್ಬಾರ್ದು."

ಅವರು ಬಿಸಿ ತಾಗಿದವರಂತೆ ಅದನ್ನೆತ್ತಿ ಮೇಜಿಗಿಟ್ಟರು. ನಿಂಗ್ ನನ್ನ ಕಣ್ಣು ನೋಡದೆ ಒಳಗೆ ಹೋದಳು. ಹನ್ನೆರಡು ದಿನದಿಂದಲೂ ಹಾಗೇ. ಚಿಕ್ಕವಳಿದ್ದಾಗ ನನ್ನ ಸೆರಗು ಹಿಡಿದು ಓಡಾಡುತ್ತಿದ್ದ ಹುಡುಗಿ.

ನಮ್ಮ ಕಿತಾಬುಗಳ ರೀತಿ ಹೊರಗಿನವರಿಗೆ ತಿಳಿಯುವುದಿಲ್ಲ. ಅಚ್ಚಾದ ಅರಬ್ಬಿ ಸಾಲುಗಳ ನಡುವೆ ಎರಡು ಬೆರಳು ಜಾಗ ಬಿಟ್ಟಿರುತ್ತಾರೆ. ಕಿಯಾಯಿ ಒಂದೊಂದು ಪದ ಓದಿ ಜಾವಾ ಭಾಷೆಯಲ್ಲಿ ಅರ್ಥ ಹೇಳಿದಂತೆ ನಾವು ಅದನ್ನು ಆ ಪದದ ಕೆಳಗೆ ಇರುವೆಯಂಥ ಅಕ್ಷರದಲ್ಲಿ ತೂಗುಹಾಕುತ್ತೇವೆ. ಅವರು ನಕ್ಕರೆ ಅದನ್ನೂ ಬರೆಯುತ್ತೇವೆ. ಪಾಠ ನಿಂತಲ್ಲಿ ಅಂಚಿನಲ್ಲಿ ತಾರೀಖು. ಯಾವ ದಿನ ಗುರುಗಳ ಬಾಯಲ್ಲಿ ಏನು ಬಂತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಿನಲ್ಲೂ ಇಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಪುಟ ಸಿಕ್ಕಿತು. ಔಷಧಿಯ ಅಧ್ಯಾಯ. ಹೋದ ವರ್ಷದ ರಂಜಾನ್ ತಿಂಗಳ ಎಂಟನೆಯ ದಿನ.

ಒಂದು ಕಿತಾಬಿನಲ್ಲಲ್ಲ, ಮೂವತ್ತು ಕಿತಾಬಿನಲ್ಲೂ ಅದೇ ಮಾತು. "ಈ ಸೂಜಿಮದ್ದಿನಲ್ಲಿ ಅಶುದ್ಧ ಬೆರೆತಿದೆ." ಪಕ್ಕದ ಅಂಚಿನಲ್ಲಿ ಒಂದು ಸಣ್ಣ ಸೊನ್ನೆ. ಆ ಸೊನ್ನೆಯ ಮೇಲೆ ಬೆರಳಿಟ್ಟೆ. ಎದುರಾಳಿಯ ವಾದಕ್ಕೆ ನಾವು ಹಾಕುವ ಗುರುತು ಅದು.

ಕಿಯಾಯಿಯವರ ಪಾಠವೇ ಹಾಗೆ. ತಾನು ಒಪ್ಪದ ಮಾತನ್ನು ಮೊದಲು ಹೇಳುತ್ತಾರೆ, ಅದೂ ಒಪ್ಪಿದವರಿಗಿಂತ ಜೋರಾಗಿ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಾರದವನಿಗೆ ಉತ್ತರ ಕೊಡುವ ಹಕ್ಕಿಲ್ಲ ಎಂದು ನಮಗೆ ಬೈದು ಬೈದು ಕಲಿಸಿದ್ದರು. ಎಲ್ಲ ಹೇಳಿ, ಒಂದು ಉಸಿರು ಎಳೆದುಕೊಂಡು, ಆಮೇಲೆ ಉತ್ತರ ಶುರು.

ಆ ಉತ್ತರವೂ ಮುಂದಿನ ಸಾಲುಗಳ ಕೆಳಗೆ ತೂಗುತ್ತಿತ್ತು. ಪ್ರಾಣ ಉಳಿಸುವುದು ಮೊದಲ ಕರ್ತವ್ಯ. ಬಲ್ಲ ವೈದ್ಯರ ಮಾತು ಕೇಳದೆ ಮಗುವನ್ನು ಕಳೆದುಕೊಂಡವರೇ ಉತ್ತರ ಹೇಳಬೇಕಾದವರು. ಒಬ್ಬ ಹುಡುಗಿ ಕೊನೆಗೆ ಬರೆದಿದ್ದಳು: "ಕಿಯಾಯಿ ನಕ್ಕರು. ನನ್ನ ಏಳು ಮೊಮ್ಮಕ್ಕಳನ್ನೂ ನಾನೇ ತೊಡೆ ಮೇಲೆ ಕೂರಿಸಿಕೊಂಡು ಸೂಜಿ ಹಾಕಿಸಿದೆ, ಆರು ಜನ ಅತ್ತರು, ಒಬ್ಬ ನನ್ನ ಗಡ್ಡ ಕಿತ್ತ ಅಂದರು."

"ಮುಗೀತಲ್ಲ ಬು," ಎಂದರು ತುಕಿರನ್. "ಕಿತಾಬು ತೋರ್ಸಿದ್ರೆ ಆಯ್ತು."

"ಯಾರಿಗೆ? ಉಮ್ನಿಯಾ ಚಿಕ್ಕಪ್ಪ ಏನಂದ ಮರೆತ್ರಾ?"

ಅವರು ಮರೆತಿರಲಿಲ್ಲ. ಕಿಯಾಯಿ ಗಂಟಲಿಂದ ಬಂದದ್ದನ್ನ ಕಿವಿಯಾರೆ ಕೇಳಿದೀನಿ, ಬರೆದದ್ದನ್ನ ಯಾರು ಬೇಕಾದ್ರೂ ಬರೀತಾರೆ, ಎಂದಿದ್ದ ಅವನು. ಸಾವಿರ ವರ್ಷದಿಂದ ಬರೆದೂ ಬರೆದೂ ಉಳಿಸಿಕೊಂಡ ವಿದ್ಯೆ ನಮ್ಮದು. ಈಗ ಬರಹಕ್ಕೆ ಬೆಲೆಯಿಲ್ಲ, ಮೂವತ್ತು ಸೆಕೆಂಡಿನ ಸದ್ದಿಗೆ ಇದೆ. ಮೇಜಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಉತ್ತರವೂ ಅದೇ ಗಂಟಲಿನಿಂದ ಕೇಳಿಸಬೇಕು. ಅದಕ್ಕೆ ಪೂರ್ತಿ ಧ್ವನಿ ಬೇಕು. ಅಂದರೆ ಅದನ್ನು ಹಿಡಿದಿಟ್ಟವರು ಬೇಕು.

"ಇನ್ನೊಂದು ಸಲ ಹಾಕಿ. ಕಿಯಾಯಿ ಮಾತು ಬಿಡಿ. ಹಿಂದಿನ ಸದ್ದು ಕೇಳಿ."

ಮಾತಿನ ಹಿಂದೆ ಸಣ್ಣಗೆ ಗುಂಯ್ ಎನ್ನುವ ಗುಂಗು. ಹನ್ನೆರಡು ದಿನವೂ ಅದು ನನ್ನ ಕಿವಿಗೆ ಬಿದ್ದಿತ್ತು. ಐದು ವರ್ಷ ದಿನಾ ಕೇಳಿದ ಸದ್ದಾದ್ದರಿಂದ ಅದು ಸದ್ದು ಅಂತಲೇ ಅನ್ನಿಸಿರಲಿಲ್ಲ. ಗಂಡುಹುಡುಗರು ಕಿಯಾಯಿಯವರ ಎದುರು ಕೂತು ಪಾಠ ಕೇಳುತ್ತಾರೆ. ಹೆಣ್ಣುಮಕ್ಕಳು ಗೋಡೆಯಾಚೆಯ ತಮ್ಮ ಹಜಾರದಲ್ಲಿ, ಮುದಿ ಲೌಡ್‌ಸ್ಪೀಕರಿನ ಕೆಳಗೆ. ಆ ಸ್ಪೀಕರಿನ ಗುಂಗು ಇದು.

"ಹಿಡಿದಿಟ್ಟದ್ದು ಗಂಡಸಲ್ಲ ಪಾಕ್. ಹೆಂಗಸರ ಕಡೆಯಿಂದ."

"ಹುಡುಗೀರಿಗೆ ಫೋನೇ ಇಲ್ವಲ್ಲ ಇಲ್ಲಿ. ಗೇಟಲ್ಲೇ ಕಿತ್ಕೋತಾರೆ."

"ಹುಡುಗೀರಿಗೆ ಇಲ್ಲ. ಕಿಯಾಯಿ ಮನೆಯವ್ರಿಗೆ ಇದೆ."

ಮತ್ತೆ ಕಿತಾಬಿನ ರಾಶಿಗೆ ಕೈ ಹಾಕಿದೆ. ಮೂವತ್ತೊಂದನೆಯದು ಎಲ್ಲಕ್ಕಿಂತ ಕೆಳಗಿತ್ತು. ಹಸಿರು ಬಟ್ಟೆಯ ಹೊದಿಕೆ, ಒಳಗೆ ನಿಂಗ್ ಇಸ್ತಿಯಾನಾಳ ಹೆಸರು. ಅವಳದು ಮುತ್ತು ಪೋಣಿಸಿದಂಥ ಅಕ್ಷರ, ಹುಡುಗಿಯರೆಲ್ಲ ತಪ್ಪಿದ ಪಾಠವನ್ನು ಅವಳ ಕಿತಾಬು ನೋಡಿಯೇ ತುಂಬಿಕೊಳ್ಳುವುದು. ಏಳನೆಯ ದಿನ ತುಂಬಿತ್ತು. ಒಂಬತ್ತನೆಯ ದಿನ ತುಂಬಿತ್ತು. ನಡುವೆ ಎಂಟನೆಯ ದಿನದ ಒಂದೂವರೆ ಪುಟ ಬೋಳು. ಅಂಚಿನಲ್ಲಿ ತಾರೀಖು ಮಾತ್ರ ಅವಳ ಕೈಯದೇ. ಅಂದರೆ ಅವತ್ತು ಅವಳು ಪಾಠದಲ್ಲಿ ಕೂತಿದ್ದಳು. ಕೂತೂ ಬರೆದಿರಲಿಲ್ಲ.

ಆಮೇಲೆ ಕೇಳಿಕೊಂಡು ಬರೆಯಬಹುದು ಎಂಬ ಧೈರ್ಯವಿದ್ದವರು ಮಾತ್ರ ಹಾಗೆ ಬಿಡುತ್ತಾರೆ.

"ನೀವು ಇಲ್ಲೇ ಇರಿ," ಎಂದು ತುಕಿರನ್‌ಗೆ ಹೇಳಿ ಕಿತಾಬು ಹಿಡಿದು ಗೇಟು ದಾಟಿದೆ.

ನಿಂಗ್ ಕಿಯಾಯಿಯವರ ಕೋಣೆಯ ಹೊರಗಿನ ಓಣಿಯಲ್ಲಿ ಕೂತು ತಂದೆಗೆ ಗಂಜಿ ಕದಡುತ್ತಿದ್ದಳು. ಕೋಣೆಗೂ ಓಣಿಗೂ ನಡುವೆ ತೇಗದ ಹಲಗೆಯ ಅಡ್ಡಗೋಡೆ. ಆಚೆಯಿಂದ ಮುದುಕರ ಕೆಮ್ಮು ಕೇಳಿತು. ನಾನು ಎಂಟನೆಯ ದಿನದ ಪುಟ ತೆರೆದು ಅವಳ ಮುಂದೆ ಹಿಡಿದೆ.

ಅವಳ ಕೈಯ ಚಮಚ ನಿಂತಿತು.

"ಮೆತ್ತಗೆ ಮಾತಾಡಿ ಅಕ್ಕ," ಎಂದಳು. ನಾನು ಇನ್ನೂ ಏನೂ ಮಾತಾಡಿರಲಿಲ್ಲ.

"ಬರೀಲಿಲ್ಲ ಯಾಕೆ?"

"ನಿದ್ದೆ ಬಂದಿತ್ತು. ಉಪವಾಸ ಅಲ್ವಾ."

"ನಿದ್ದೆ ಬಂದವಳ ಪುಟದಲ್ಲಿ ಗೀಚು ಇರುತ್ತೆ. ನನ್ನ ಕಿತಾಬಿನ ತುಂಬ ಅದೇ. ಇದು ಬೋಳಾಗಿದೆ. ಪೆನ್ನು ಮುಟ್ಟೇ ಇಲ್ಲ."

ಅವಳು ಚಮಚವನ್ನು ಬಟ್ಟಲಿನ ಅಂಚಿಗೆ ಒರಗಿಸಿದಳು.

"ಎಷ್ಟು ದಿನದ ಪಾಠ ಹಿಡಿದಿಟ್ಟಿದ್ದೆ?"

"ಇಪ್ಪತ್ತೇಳು." ಅಡ್ಡಗೋಡೆಯ ಕಡೆ ನೋಡಿದಳು. "ಅಪ್ಪನ ಮಾತು ಆಗ್ಲೇ ತೊದಲ್ತಾ ಇತ್ತು. ಅಮ್ಮ ಒಪ್ತಿರ್ಲಿಲ್ಲ, ನನಗೆ ಗೊತ್ತಾಗ್ತಿತ್ತು. ಈ ಧ್ವನಿ ಇನ್ನೆಷ್ಟು ದಿನವೋ ಅನ್ನಿಸ್ತು. ಹಿಡಿದಿಟ್ಟೆ."

"ಅವರು ಬೇಡ ಅಂದಿದ್ರಲ್ಲ."

"ನೂರು ಸಲ ಅಂದಿದ್ರು. ಪಾಠ ಎದುರು ಕೂತವರಿಗೆ, ಎದ್ದು ಹೋದವನು ಅರ್ಧ ಮಾತು ಹೊತ್ಕೊಂಡು ಹೋಗ್ತಾನೆ ಅಂತ. ಹಾಗೇ ಆಯ್ತಲ್ಲ ಈಗ." ಕಣ್ಣಲ್ಲಿ ನೀರು ತುಂಬಿತು. "ಇದು ನನ್ನಿಂದ ಅಂತ ಗೊತ್ತಾದ್ರೆ ಅಪ್ಪನ ಉಳಿದಿರೋ ಅರ್ಧ ಜೀವಾನೂ ಹೋಗುತ್ತೆ ಅಕ್ಕ."

"ಹನ್ನೆರಡು ದಿನ ನಿಂಗ್. ಉಮ್ನಿಯಾ ನಿನ್ನ ಕೈಲೇ ಓದ್ತಿದ್ದವಳು. ಹನ್ನೆರಡು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ, ಮನುಷ್ಯಳಾ ನೀನು?"

ನನ್ನ ಧ್ವನಿ ಏರಿತ್ತು. ಆಚೆಯ ಕೆಮ್ಮು ನಿಂತಿತು.

"ಸ್ಟೇಟಸ್‌ಗೆ ನೀನು ಹಾಕಿದ್ಯಾ?"

"ಇಲ್ಲ. ಅಲ್ಲಾಹನಾಣೆ ಇಲ್ಲ."

"ಯಾರಿಗೆ ಕೊಟ್ಟೆ?"

"ಒಬ್ಬರಿಗೇ. ಒಂದು ಮೆಮೊರಿ ಕಾರ್ಡಿಗೆ ಹಾಕಿ ಕೊಟ್ಟೆ. ನನ್ನ ಫೋನಿಂದ ಅಳಿಸಿಬಿಟ್ಟೆ, ಭಯ ಆಗಿ. ಈ ಒಂದು ದಿನದ್ದು ಬರೆದುಕೊಳ್ಳೋದು ಮರೆತೇ ಹೋಗಿತ್ತು."

"ಹೆಸರು ಹೇಳು."

ಅವಳು ಮೊದಲ ಸಲ ನನ್ನ ಕಣ್ಣು ನೋಡಿದಳು. ಅದರಲ್ಲಿ ಭಯವಿರಲಿಲ್ಲ, ಸಿಟ್ಟಿತ್ತು.

"ನೀವು ನಿಜವಾಗ್ಲೂ ಕೇಳ್ತಿದೀರೋ, ನಾಟಕ ಆಡ್ತಿದೀರೋ ನನಗೆ ಇವತ್ತಿಗೂ ಗೊತ್ತಾಗ್ತಿಲ್ಲ ಅಕ್ಕ. ಹನ್ನೆರಡು ದಿನದಿಂದ ಬಂದು ಎಲ್ಲರನ್ನೂ ಗದರಿಸ್ತೀರಿ. ನಿಮಗೇ ಅಲ್ವಾ ಕೊಟ್ಟದ್ದು?"

"ನನಗಾ?"

"ಕಿತಾಬಿನ ನೂರು ಪುಟ ಖಾಲಿ ಅಂತ ಕೂಟದಲ್ಲಿ ಅತ್ರಲ್ಲ. ಹಬ್ಬಕ್ಕೆ ನಿಮ್ಮ ಮನೆಗೆ ನಸ್ತರ್ ಬಿಸ್ಕತ್ತಿನ ಡಬ್ಬಿ ಕಳಿಸಿದೆ. ತಳದಲ್ಲಿ ಕಾಗದ ಹಾಸಿ, ಅದರ ಕೆಳಗೆ ಕಾರ್ಡು. ಚೀಟೀನೂ ಬರೆದಿಟ್ಟಿದ್ದೆ. ತಲುಪ್ತು, ತುಂಬ ಸಂತೋಷ ಆಯ್ತು ಅಂತ ನೀವೇ ಉತ್ತರ ಬರೆದ್ರಿ."

ಡಬ್ಬಿ ಬಂದದ್ದು ನೆನಪಿತ್ತು. ಕೆಂಪು ಮುಚ್ಚಳ. ಅವತ್ತು ಹಬ್ಬದ ಬಂದೋಬಸ್ತಿನಲ್ಲಿ ಬೀದಿಯಲ್ಲಿದ್ದೆ. ಹತ್ತು ಮನೆಯಿಂದ ಹತ್ತು ಡಬ್ಬಿ ಬಂದಿತ್ತು, ಹತ್ತೂ ಮನೆಗೆ ಅದೇ ಎರಡು ಮಾತು ಬರೆದು ಕಳಿಸಿದ್ದೆ. ಡಬ್ಬಿ ತೆರೆದದ್ದು ನಾನಲ್ಲ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹನ್ನೆರಡು ದಿನ ನಾನು ಮಾಡಿದ್ದು ಅದೇ.

ಅಲ್ಲೇ ನಿಂತು ಮನೆಗೆ ವಿಡಿಯೋ ಕರೆ ಮಾಡಿದೆ. ಪರದೆಯ ಮೇಲೆ ಮೊದಲು ಅತ್ತೆಯ ಹಣೆ, ಆಮೇಲೆ ಕನ್ನಡಕ ಕಾಣಿಸಿತು.

"ಅಂತೂ ನೆನಪಾಯ್ತಾ ವಿನ್? ಮೂರು ದಿನದಿಂದ ಬರೀತಾ ಇದೀನಿ."

"ಅತ್ತೆ, ಹಬ್ಬದಲ್ಲಿ ಕೆಂಪು ಮುಚ್ಚಳದ ನಸ್ತರ್ ಡಬ್ಬಿ ಬಂದಿತ್ತಲ್ಲ. ಅದರ ತಳದಲ್ಲಿ ಏನಾದ್ರೂ ಇತ್ತಾ?"

"ಹ್ಞೂಂ, ಕಿಯಾಯಿ ಪಾಠ." ಅವರ ಮುಖ ಅರಳಿತು. "ನಾಂತೀನೇ ಫೋನಿಗೆ ಹಾಕ್ಕೊಟ್ಳು. ದಿನಾ ನಮಾಜ್ ಆದ್ಮೇಲೆ ಕೇಳ್ತೀನಿ. ನೀನು ಒಂದಿನ ಕೇಳಿದ್ಯಾ, ಅತ್ತೆ ಏನು ಕೇಳ್ತಿದೀರಿ ಅಂತ?"

"ಸ್ಟೇಟಸ್‌ಗೆ ಹಾಕಿದ್ರಾ?"

"ಒಂದೇ ಒಂದು. ಕಿಯಾಯಿಗೆ ಹುಷಾರಿಲ್ವಲ್ಲ, ಅವರ ಮಾತು ನಾಲ್ಕು ಜನ ಕೇಳ್ಲಿ, ಪುಣ್ಯ ಅವರಿಗೆ ಸೇರ್ಲಿ ಅಂತ. ಎಲ್ಲಕ್ಕಿಂತ ಚಿಕ್ಕದು ಅಂತ ನಾಂತಿ ಅದನ್ನ ಆರಿಸಿದ್ಳು. ಹೂವಿನ ಚಿತ್ರ ಹಾಕಿದ್ದೂ ಅವಳೇ. ಐದು ತುಂಡಾಗಿ ಬಂತು. ಮೂರನೇದನ್ನ ಎಲ್ಲರೂ ಕೇಳಿ ಕೇಳಿ ಇಸ್ಕೊಂಡ್ರು."

"ನಾಲ್ಕನೇದು?"

"ಮೂರನೇದು ಕೇಳೇ ಎದೆ ಝಲ್ ಅಂತು. ಆ ಪಾಠ ಅಲ್ಲಿಗೇ ನಿಲ್ಲಿಸಿಬಿಟ್ಟೆ, ಆಮೇಲಿಂದು ಯಾರು ಕೇಳ್ತಾರೆ."

ನಿಂಗ್ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಎರಡು ಸಂಗತಿ ಒಟ್ಟಿಗೆ ಹೊಳೆದವು. ಪೂರ್ತಿ ಧ್ವನಿ ಸಿಕ್ಕಿತು. ಕೇಸಿನ ಕಾಗದದಲ್ಲಿ ಮೊದಲ ಹೆಸರಾಗಿ ನಾನು ಬರೆಯಬೇಕಾದದ್ದು ಅತ್ತೆಯದು, ಎರಡನೆಯದು ನನ್ನ ಮಗಳದು. ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ.

"ನಾಂತಿ ಎಲ್ಲಿ? ಸ್ಕೂಲಿಗೆ ಹೋದ್ಳಾ?"

"ಹುಷಾರಿಲ್ಲ ಅಂತ ಬರ್ದಿದ್ನಲ್ಲ. ಮೂರು ದಿನ ಆಯ್ತು. ನಿನ್ನ ಕೆಲಸಕ್ಕೆ ತೊಂದ್ರೆ ಯಾಕೆ ಅಂತ ಫೋನ್ ಮಾಡ್ಲಿಲ್ಲ."

ಕರೆ ಕತ್ತರಿಸದೆ ಅವರ ಸಂದೇಶಗಳನ್ನು ತೆರೆದೆ. ಶನಿವಾರ ಮೂರು ಗುಲಾಬಿ, ಒಂದು ಪ್ರಾರ್ಥನೆ, ನಡುವೆ ಒಂದು ಸಾಲು: "ನಾಂತಿಗೆ ಗಂಟಲು ನೋವು. ಅರಿಶಿನದ ನೀರು ಕೊಟ್ಟೆ." ಭಾನುವಾರ ಸೂರ್ಯೋದಯದ ಚಿತ್ರ, ಶುಂಠಿಯ ಹನ್ನೆರಡು ಉಪಯೋಗ, ಅದರ ಕೆಳಗೆ: "ಅನ್ನ ನುಂಗಕ್ಕೆ ಆಗಲ್ಲ ಅಂತಾಳೆ. ಬಿಡುವಾದಾಗ ಮಾತಾಡು." ಇವತ್ತು ಬೆಳಗ್ಗೆ ಆರೂ ಹತ್ತಕ್ಕೆ ಒಂದು ಫೋಟೋ. ದಿಂಬಿನ ಮೇಲೆ ನನ್ನ ಮಗಳು. ಅಜ್ಜಿ ನಗು ಅಂದಿರಬೇಕು, ನಕ್ಕಿದ್ದಾಳೆ. ಗಲ್ಲ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ.

ಗಂಟೆ ಹನ್ನೊಂದೂ ಮುಕ್ಕಾಲು. ಇಲ್ಲಿಂದ ಪಟ್ಟಣಕ್ಕೆ ಎರಡೂವರೆ ತಾಸಿನ ದಾರಿ.

"ಪಾಕ್ ತುಕಿರನ್," ಎಂದು ಗೇಟಿನ ಕಡೆ ಕೂಗಿದೆ. "ಜೀಪ್ ತೆಗೀರಿ. ಠಾಣೆಗೆ ಫೋನ್ ಮಾಡಿ ನನ್ನ ಮನೆಗೆ ಈಗಲೇ ಗಾಡಿ ಕಳಿಸೋಕೆ ಹೇಳಿ." ಮತ್ತೆ ಪರದೆಗೆ ತಿರುಗಿದೆ. "ಅತ್ತೆ, ಅವಳಿಗೆ ಚಾದರ ಸುತ್ತಿ. ಗಾಡಿ ಬರುತ್ತೆ, ಆಸ್ಪತ್ರೆಗೆ ಹೋಗಿ."

ಅತ್ತೆಯ ಮುಖ ಬಿಗಿಯಿತು.

"ಆಸ್ಪತ್ರೇಲಿ ಸೂಜಿ ಚುಚ್ತಾರೆ."

"ಚುಚ್ಚಲಿ. ಚುಚ್ಚದಿದ್ರೆ ಸಾಯ್ತಾಳೆ."

"ಹೋದ ವಾರ ಸ್ಕೂಲಿಂದ ಸೂಜಿ ಕಾಗದ ಬಂದಾಗ್ಲೂ ಬೇಡ ಅಂತ ಸಹಿ ಹಾಕಿ ಕಳಿಸಿದೆ. ನಿನಗೆ ಹೇಳಿದ್ರೆ ಜಗಳ ತೆಗೀತಿದ್ದೆ. ಕಿಯಾಯಿ ಬಾಯಲ್ಲೇ ಬಂದಿದೆ ವಿನ್. ನಾಳೆ ಅಲ್ಲಾಹನ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ಅದು ಅವರ ಮಾತಲ್ಲ ಅತ್ತೆ. ನಾಲ್ಕನೇ ತುಂಡು ಕೇಳಿ, ನಿಮ್ಮ ಫೋನಲ್ಲೇ ಇದೆ."

"ನಿನ್ನ ಇಲಾಖೆಯವರು ಏನು ಬೇಕಾದ್ರೂ ಹೇಳಿಸ್ತಾರೆ, ಯಂತ್ರದಲ್ಲಿ ಧ್ವನಿ ಮಾಡ್ತಾರಂತೆ. ಷಮ್ಲನ್ ಉಸ್ತಾದ್ರು ನಿನ್ನೆನೇ ಹೇಳಿದಾರೆ, ಮುಂದಿನ ತುಂಡು ಅಂತ ಒಂದು ಬರುತ್ತೆ, ನಂಬಬೇಡಿ ಅಂತ. ಗಾಡಿ ಬಂದ್ರೆ ನಾನು ಬಾಗಿಲು ತೆಗೆಯಲ್ಲ."

"ಅತ್ತೆ, ಅವಳು ನನ್ನ ಮಗಳು."

"ನನ್ನ ಮೊಮ್ಮಗಳು. ಅವಳ ಪರಲೋಕ ನಾನು ಕೆಡಿಸಲ್ಲ."

ಅವರು ದುಷ್ಟೆಯಲ್ಲ. ನಾಂತಿಗೆ ಜ್ವರ ಬಂದ ರಾತ್ರಿಗಳಲ್ಲಿ ನನಗಿಂತ ಹೆಚ್ಚು ಎದ್ದು ಕೂತವರು. ಬೈಯಲು ಒಬ್ಬ ಕಳ್ಳನಾದರೂ ಇದ್ದಿದ್ದರೆ.

ಅಷ್ಟರಲ್ಲಿ ತೇಗದ ಹಲಗೆಯಲ್ಲಿ ಸದ್ದಾಯಿತು. ಒಂದು ಸಲ, ಆಮೇಲೆ ಎರಡು ಸಲ. ಒಳಗಿನಿಂದ ಯಾರೋ ಬೆರಳಗೆಣ್ಣಿನಿಂದ ಬಡಿಯುತ್ತಿದ್ದರು.

ನಿಂಗ್ ಬಿಳಿಚಿಕೊಂಡಳು. "ಅಪ್ಪ," ಎಂದಳು. "ಎಲ್ಲ ಕೇಳಿಸ್ಕೊಂಡಿದಾರೆ."

ಬಾಗಿಲು ತಳ್ಳಿದೆವು. ಕಿಯಾಯಿ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಎಡಗೈಯನ್ನು ನನ್ನ ಫೋನಿನ ಕಡೆ ಚಾಚಿದರು. ನಿಂಗ್ ಅಲ್ಲೇ ನೆಲದ ಮೇಲೆ ಕುಸಿದು ಅವರ ಕಾಲು ಹಿಡಿದುಕೊಂಡಳು. ಅವರು ಅವಳ ತಲೆಯನ್ನು ಒಮ್ಮೆ ಮುಟ್ಟಿ, ಮತ್ತೆ ನನ್ನ ಕಡೆಗೇ ಕೈ ನೀಡಿದರು.

ಫೋನನ್ನು ಅವರ ಮುಖಕ್ಕೆ ಹಿಡಿದೆ.

ಪರದೆಯಲ್ಲಿ ಅತ್ತೆ ತಡಬಡಿಸಿ ಸೆರಗು ಎಳೆದುಕೊಂಡರು. "ಕಿಯಾಯಿ," ಎಂದರು. ತಲೆ ಬಾಗಿಸಿ ಸಲಾಂ ಹೇಳಿದರು. ಅವರ ಹಿಂದೆ ಎಲ್ಲೋ ನನ್ನ ಮಗಳ ಉಸಿರು ಕೇಳುತ್ತಿತ್ತು, ಒಣಹುಲ್ಲು ಎಳೆದಂಥ ಸದ್ದು.

ಕಿಯಾಯಿಯವರ ಬಾಯಿಯ ಎಡತುದಿ ಅದುರಿತು. ನಾಲ್ಕು ತಿಂಗಳಿನಿಂದ ಒಂದು ಪದವೂ ಆಡದ ತುಟಿಗಳು ಬೇರೆಯಾದವು. ಎದೆ ನಿಧಾನವಾಗಿ ಮೇಲೆದ್ದಿತು.

ಅವರು ಉಸಿರು ಎಳೆದುಕೊಂಡರು.